ಚಂದ್ರನ ಮೇಲೊಂದು ಚಂದ್ರ

ಜಟೆಯ ಅಂಚಿನಲ್ಲಿ ಚಂದ್ರನ ಒಂದು ಚೂರನ್ನು ಮುಡಿದು, ಮಿಕ್ಕದ್ದನ್ನು ಆಕಾಶಕ್ಕೇ ಬಿಟ್ಟುಕೊಟ್ಟ ಆ ಉದಾರಿಯಾದ ದೇವರಿಗೆ ಮೊದಲ ನಮಸ್ಕಾರ. ತಲೆಯ ಮೇಲೆ ಚಂದ್ರನಿದ್ದೂ ನಗೆಗೀಡಾಗದವನು ಮೂರು ಲೋಕಗಳಲ್ಲಿ ಅವನೊಬ್ಬನೇ. ಆ ಭಾಗ್ಯವಿಲ್ಲದ ಒಬ್ಬ ಸಾಮಾನ್ಯ ಮನುಷ್ಯನ ವೃತ್ತಾಂತವನ್ನು ಈಗ ಹೇಳಬೇಕಾಗಿದೆ. ಹೇಳುವ ನಾಲಗೆ ಎಡವದಿರಲಿ. ಕೇಳುವ ನಗೆಯಲ್ಲಿ ಮುಳ್ಳಿಲ್ಲದಿರಲಿ.

ಈ ವೃತ್ತಾಂತದ ನಾಯಕನು ವೃತ್ತಿಯಿಂದ ಛಾಯಾಗ್ರಾಹಕ. ಎದುರಿಗೆ ಕೂತವರೆಲ್ಲರಿಗೂ “ಗದ್ದ ಸ್ವಲ್ಪ ಮೇಲೆ” ಎಂದು ಹೇಳಿ ಹೇಳಿ, ಬೀದಿಯ ಬಾಯಲ್ಲಿ ಅವನ ಹೆಸರೇ ಗದ್ದಮಾಮ ಎಂದಾಗಿಹೋಗಿತ್ತು. ಮಹಡಿಯ ಮೇಲೆ ಅವನ ಸ್ಟುಡಿಯೋ. ಮೆಟ್ಟಿಲ ಬುಡದ ಗಾಜಿನ ಪೆಟ್ಟಿಗೆಯೊಳಗೆ ಬಿಸಿಲಿಗೆ ಬಣ್ಣ ಕಳೆದುಕೊಂಡ ವಧೂವರರು. ಮೇಲೆ ಒಂದು ಕನ್ನಡಿ, ಹಲ್ಲುದುರಿದ ಬಾಚಣಿಗೆ, ಎಲ್ಲ ಮುಖಗಳಿಗೂ ಸಮಾನವಾಗಿ ಸಲ್ಲುತ್ತಿದ್ದ ಒಂದೇ ಪೌಡರ್ ಡಬ್ಬಿ. ಎಲ್ಲರ ಕೈಗೂ ಫೋನಿನ ಕ್ಯಾಮೆರಾ ಬಂದ ಮೇಲೆ ಅಲ್ಲಿಗೆ ಹತ್ತುತ್ತಿದ್ದವರು ಪಾಸ್‌ಪೋರ್ಟ್ ಫೋಟೋದವರು ಮಾತ್ರ. ಅವರು ನಗುವಂತಿಲ್ಲ, ಆದ್ದರಿಂದ ಸ್ಟುಡಿಯೋವೂ ನಗುವುದನ್ನು ಬಿಟ್ಟಿತ್ತು.

ಆದರೆ ಅದಕ್ಕೂ ಒಂದು ವೈಭವದ ಕಾಲವಿತ್ತು. ಮನುಷ್ಯನು ಮೊದಲ ಸಲ ಚಂದ್ರನ ಮೇಲೆ ಕಾಲಿಟ್ಟ ವರ್ಷ, ಆಗತಾನೇ ಮದುವೆಯಾಗಿದ್ದ ಗದ್ದಮಾಮ, ಬೋರ್ಡ್ ಬರೆಯುವವನೊಬ್ಬನಿಂದ ಒಂದು ದೊಡ್ಡ ಪರದೆಯ ಮೇಲೆ ಚಂದ್ರಲೋಕವನ್ನು ಬರೆಸಿದ. ಗುಂಡಿ, ಗುಡ್ಡ, ಕಪ್ಪು ಆಕಾಶ. ಮುಂದಿನ ನೆಲಕ್ಕೆ ಒಲೆಯ ಬೂದಿಯನ್ನು ಜರಡಿ ಹಿಡಿದು ಹರವಿದ. ಕೊಡೆಯ ಬಟ್ಟೆಗೆ ಅಲ್ಯೂಮಿನಿಯಂ ಬಣ್ಣ ಬಳಿಸಿ, ಎದುರು ಮನೆಯ ದರ್ಜಿಯಿಂದ ಗಗನಯಾತ್ರಿಯ ಪೋಷಾಕು ಹೊಲಿಸಿದ. ತಲೆಗೆ ಮೀನು ಸಾಕುವ ಗಾಜಿನ ಬುರುಡೆ. ಉಸಿರು ಬಿಟ್ಟರೆ ಗಾಜು ಮಂಜಾಗುತ್ತಿತ್ತಾದ್ದರಿಂದ, ಊರಿನ ಅರ್ಧಕ್ಕರ್ಧ ಜನ ಉಸಿರು ಬಿಗಿಹಿಡಿದ ಮುಖದಲ್ಲೇ ಚಿರಸ್ಥಾಯಿಯಾದರು. ಚಂದ್ರನಲ್ಲಿ ಗಾಳಿಯಿಲ್ಲವೆಂಬ ಶಾಸ್ತ್ರಕ್ಕೆ ಅದು ಪೋಷಕವಾಗಿಯೇ ಇತ್ತು.

ಮನೆಮನೆಯ ಗೋಡೆಗೂ ಒಂದೊಂದು ಚಂದ್ರಯಾನದ ಫೋಟೋ ಏರಿತು. ಏರದೆ ಉಳಿದದ್ದು ಒಂದೇ ಗೋಡೆ. ಅದು ಗದ್ದಮಾಮನ ಜೀವದ ಗೆಳೆಯರಾದ ವಿಜ್ಞಾನದ ಮೇಷ್ಟ್ರದು. “ಒಲೆ ಬೂದಿ ಮೇಲೆ ನಿಂತ್ಕೊಂಡು ಅದನ್ನ ಚಂದ್ರ ಅನ್ನೋಕೆ ನನಗಾಗಲ್ಲ ಕಣಯ್ಯ,” ಎಂದು ಅವರು ದೂರವೇ ಉಳಿದರು. ಆದರೆ ಪ್ರತಿ ವರ್ಷವೂ ಶಾಲೆಯಲ್ಲಿ ಒಂದು ಚೆಂಡು, ಒಂದು ನಿಂಬೆಹಣ್ಣು ಹಿಡಿದು, ಆ ಮೂವರು ಹೇಗೆ ಹೋದರು, ಹೇಗೆ ಇಬ್ಬರು ಇಳಿದರು, ಒಬ್ಬ ಹೇಗೆ ಒಂಟಿಯಾಗಿ ಸುತ್ತುತ್ತ ಕಾದ ಎಂಬುದನ್ನು ಹೇಳುವಾಗ ಅವರ ಕಂಠ ತುಂಬಿಬರುತ್ತಿತ್ತು. ನಿವೃತ್ತರಾದ ಮೇಲೂ ಸಂಜೆಯ ಚಹಾದ ಹೊತ್ತಿಗೆ ಸ್ಟುಡಿಯೋಗೆ ಬಂದು, ಕೇಳಲು ಬೇರೆ ಯಾರೂ ಸಿಗದಿದ್ದುದರಿಂದ, ಅದೇ ಪಾಠವನ್ನು ಗದ್ದಮಾಮನಿಗೆ ಒಪ್ಪಿಸುತ್ತಿದ್ದರು.

ಹೀಗಿರಲಾಗಿ, ಆ ಯಾತ್ರೆಗೆ ದಶಕಗಳು ತುಂಬಿದ ವಾರ್ಷಿಕೋತ್ಸವ ಬಂದಿತು. ಕ್ಷೌರದಂಗಡಿಯ ಟಿವಿಯಲ್ಲಿ ಹಳೆಯ ಚಿತ್ರಗಳು ಓಡುತ್ತಿದ್ದವು. ಕೂತವರೆಲ್ಲರೂ ಆ ದಿನ ತಾವು ಎಲ್ಲಿದ್ದೆವೆಂಬುದನ್ನು ಸ್ಮರಿಸತೊಡಗಿದರು.

“ನಾನು ತಾರಸಿ ಮೇಲಿದ್ದೆ. ಅವರು ಇಳಿಯೋದನ್ನ ಕಣ್ಣಾರೆ ಕಂಡೆ,” ಎಂದ ಸೌದೆ ಅಂಗಡಿಯವನು.

“ಬರಿಗಣ್ಣಲ್ಲಾ?” ಎಂದ ಕ್ಷೌರಿಕ.

“ಆವಾಗ ಕಣ್ಣು ಚೆನ್ನಾಗಿತ್ತಪ್ಪ.”

ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ ಗದ್ದಮಾಮನಿಗೆ ಇದು ಸಹನವಾಗಲಿಲ್ಲ. “ನೋಡಿದವರು ಬೇಕಾದಷ್ಟು ಜನ ಇದ್ದಾರೆ,” ಎಂದ ನೊರೆಯೊಳಗಿನಿಂದ. “ಚಂದ್ರನ ಮೇಲಿನ ಫೋಟೋ ತೆಗೆದ ಕೈ ಇದು.”

ಕ್ಷೌರಿಕನ ಕತ್ತಿ ಗದ್ದದ ಕೆಳಗೆ ನಿಂತಿತು. ಅವನು ಟಿವಿಯನ್ನು ನೋಡಿದ, ಗದ್ದಮಾಮನನ್ನು ನೋಡಿದ. “ಅಂದ್ರೆ ಮಾಮ, ಈಗ ತೋರಿಸ್ತಿದ್ದಾರಲ್ಲ, ಈ ಫೋಟೋಗಳು… ನಮ್ಮ ಮಹಡಿ ಮೇಲೆ ತೆಗೆದದ್ದಾ?”

ಅಲ್ಲವೆಂದು ತಲೆಯಾಡಿಸಬೇಕಾಗಿತ್ತು. ಆದರೆ ಗಂಟಲ ಮೇಲೆ ಕತ್ತಿಯಿತ್ತು. ಗದ್ದ ಮೇಲಿರುವಾಗ ಅಲ್ಲಾಡಬಾರದೆಂಬುದು ಅವನೇ ಊರಿಗೆಲ್ಲ ಬೋಧಿಸಿದ ಧರ್ಮ. ಅಲ್ಲಾಡಲಿಲ್ಲ. ಮೌನವು ಸಮ್ಮತಿಯೆಂದು ಅಂಗಡಿ ತೀರ್ಮಾನಿಸಿತು.

ಮುಖ ಒರೆಸಿದ ಮೇಲಾದರೂ ಹೇಳಬಹುದಿತ್ತು. ಅಷ್ಟರಲ್ಲಿ ಅವನು ಕನ್ನಡಿಯನ್ನು ನೋಡಿಬಿಟ್ಟ. ಹಿಂದೆ ಕೂತವರೆಲ್ಲರೂ ತನ್ನನ್ನೇ ನೋಡುತ್ತಿದ್ದರು. ಎಷ್ಟೋ ವರ್ಷಗಳಿಂದ ಯಾರೂ ಹಾಗೆ ನೋಡಿರಲಿಲ್ಲ. ಗದ್ದಮಾಮ ಅಂಗಿಯ ಕಾಲರನ್ನು ಸರಿಪಡಿಸಿಕೊಂಡು, “ಹಳೇ ಮಾತು, ಈಗ್ಯಾಕೆ ಬಿಡಿ,” ಎಂದ. ಸಮುದ್ರಮಥನದಲ್ಲಿ ವಿಷ ಹುಟ್ಟಿದಾಗಲೂ ಇಷ್ಟು ಸಣ್ಣ ಸದ್ದೇ ಆಗಿದ್ದಿರಬೇಕು.

ಮಧ್ಯಾಹ್ನದ ಹೊತ್ತಿಗೆ ಹೆಂಡತಿ ಚೀಲ ಹಿಡಿದು ಒಳಬಂದಳು. “ರೀ, ತರಕಾರಿಯವಳು ನನಗೆ ಕೂರೋಕೆ ಕುರ್ಚಿ ಹಾಕಿದಳು. ಏನ್ ಮಾಡಿದ್ರಿ?”

“ನಾನೇನ್ ಮಾಡ್ಲಿ?”

“ಏನೂ ಮಾಡದೆ ಇದ್ರೆ ಆಕೆ ಕೊಳೆತ ಟೊಮೇಟೊ ಹಾಕ್ತಿದ್ದಳು. ಇವತ್ತು ಆರಿಸಿ ಹಾಕಿದಾಳೆ. ಏನೋ ಮಾಡಿದ್ದೀರಿ.”

ಸಂಜೆಗೆ ಅವಳ ತಮ್ಮ ಬಂದ. ಯಾವುದೋ ಕಚೇರಿಯಲ್ಲಿ ಟಪಾಲು ವಿಭಾಗದಲ್ಲಿದ್ದುದರಿಂದ ಲೋಕದ ವ್ಯವಹಾರವೆಲ್ಲ ತನ್ನ ಮೇಜನ್ನು ಹಾದೇ ಹೋಗುತ್ತದೆಂದು ನಂಬಿದ್ದವನು. “ಭಾವ, ಊರಿಗೆಲ್ಲ ಮುಚ್ಚಿಟ್ರಿ, ಸರಿ. ನನ್ನ ಹತ್ರಾನೂ ಮುಚ್ಚಿಟ್ರಲ್ಲ,” ಎಂದು ಕಣ್ಣೊರೆಸಿಕೊಂಡು, ಯಾರೂ ಕೇಳದೆಯೇ ಭಾವನ ಕಾರ್ಯದರ್ಶಿಯಾದ. ಮೆಟ್ಟಿಲ ಬಾಯಲ್ಲಿ ಸ್ಟೂಲು ಹಾಕಿ ಕೂತು, ನೋಡಬಂದವರನ್ನು ಒಬ್ಬೊಬ್ಬರನ್ನಾಗಿ ಬಿಡತೊಡಗಿದ. ಪಾಸ್‌ಪೋರ್ಟ್ ಫೋಟೋಗೆ ಬಂದವರನ್ನು, “ಇತಿಹಾಸ ನಡೀತಿದೆ, ನಾಳೆ ಬನ್ನಿ,” ಎಂದು ಹಿಂದಕ್ಕೆ ಕಳಿಸಿದ.

ಈ ಸುದ್ದಿ ಬಡಾವಣೆಯ ಸಂಘದ ಅಧ್ಯಕ್ಷರ ಕಿವಿಗೆ ಬಿದ್ದದ್ದೇ ತಡ, ಅವರ ಆಯುಷ್ಯವೇ ಸಾರ್ಥಕವಾಯಿತು. ಅವರದು ಬಣ್ಣದ ಅಂಗಡಿ. ಮನುಷ್ಯ ಚಂದ್ರನಿಗೆ ಹೋದದ್ದೇ ಸುಳ್ಳೆಂದು ಬಾಲ್ಯದಿಂದ ಸಾಧಿಸಿಕೊಂಡು ಬಂದವರು. “ಅಲ್ಲಿನ ಬಿಸಿಲಿಗೆ ಯಾವ ಬಣ್ಣ ನಿಲ್ಲತ್ತೆ ಹೇಳಿ. ಬಾವುಟದ ಬಣ್ಣ ಹೇಗೆ ನಿಂತಿತು?” ಎಂಬ ಅವರ ಪ್ರಶ್ನೆಗೆ ಮೇಷ್ಟ್ರೊಬ್ಬರೇ ಉತ್ತರ ಹೇಳುತ್ತಿದ್ದರು, ಅಧ್ಯಕ್ಷರು ಮಾತ್ರ ಕೇಳುತ್ತಿರಲಿಲ್ಲ. ಈಗ ಅವರು ಮಹಡಿ ಹತ್ತಿ ಬಂದು ಗದ್ದಮಾಮನ ಎರಡೂ ಕೈ ಹಿಡಿದುಕೊಂಡರು.

“ಮಾಮ, ಆ ಅಲ್ಯೂಮಿನಿಯಂ ಬಣ್ಣ ನಮ್ಮಪ್ಪನ ಅಂಗಡೀದು. ಅದನ್ನ ಮರೀಬೇಡಿ.”

ಅವರ ಬೆನ್ನಿಗೇ ದರ್ಜಿಯ ಮಗ ಬಂದು, ಪೋಷಾಕಿನ ಹೊಲಿಗೆ ತನ್ನ ತಂದೆಯದೆಂದ. ಬುರುಡೆಯ ಮೀನು ತಮ್ಮದಾಗಿತ್ತೆಂದು ಹಿಂದಿನ ಬೀದಿಯ ಅಜ್ಜಿ ಹೇಳಿಕಳಿಸಿದರು. ಎಂದೂ ನಡೆಯದ ಮೋಸವೊಂದರಲ್ಲಿ ಪಾಲು ಬೇಡಲು ಬೀದಿಗೆ ಬೀದಿಯೇ ಸಾಲುಗಟ್ಟಿ ನಿಂತಿತು. ಆ ಸಾಲಿನಲ್ಲಿ ಮೇಷ್ಟ್ರು ಇರಲಿಲ್ಲ. ಅಂದಿನ ಚಹಾಕ್ಕೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಅವರ ಲೋಟ ತಟ್ಟೆಯ ಮೇಲೆ ಬೋರಲಾಗಿಯೇ ಇತ್ತು.

ಆ ಲೋಟವನ್ನು ನೋಡುತ್ತ ನೋಡುತ್ತ ಗದ್ದಮಾಮ ಕೂತಲ್ಲಿಂದ ಎದ್ದುಬಿಟ್ಟ. ನೇರವಾಗಿ ಬಣ್ಣದ ಅಂಗಡಿಗೆ ನಡೆದು, “ನೋಡಿ ಅಧ್ಯಕ್ಷರೇ, ಆ ಫೋಟೋ ಬೇರೆ, ನಮ್ಮ ಫೋಟೋ ಬೇರೆ. ಅವರು ನಿಜವಾಗ್ಲೂ ಹೋಗಿದ್ರು,” ಎಂದ.

ಅಧ್ಯಕ್ಷರು ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿದರು. ದನಿ ತಗ್ಗಿಸಿದರು. “ಎಷ್ಟು ವರ್ಷದ ಕರಾರು?”

“ಯಾವ ಕರಾರು?”

“ಅದೇ, ಕೇಳಿದ್ರೆ ‘ಯಾವ ಕರಾರು’ ಅನ್ಬೇಕು ಅನ್ನೋ ಕರಾರು.”

“ಅಯ್ಯೋ, ಯಾವ ಕರಾರೂ ಇಲ್ಲ ಮಾರಾಯ್ರೆ.”

“ಇಲ್ಲ ಅಂತಾನೂ ಬರ್ಕೊಟ್ಟಿದ್ದೀರಾ,” ಎಂದು ಅಧ್ಯಕ್ಷರು ಮರುಕದಿಂದ ಅವನ ಬೆನ್ನು ಸವರಿದರು. “ಪಾಪ, ಒಳಗೇ ಎಷ್ಟು ಬೆಂದಿದ್ದೀರೋ.”

ಹೀಗೆ, ನಿಜ ಹೇಳಿದಷ್ಟೂ ಗದ್ದಮಾಮನ ಮೇಲಿನ ಗೌರವ ಏರುತ್ತಹೋಯಿತು. ಸಂಸ್ಕೃತಿ ಇಲಾಖೆಯಿಂದ ಒಬ್ಬ ಅಧಿಕಾರಿಯೂ ಬಂದರು. ಅವರು ಪರದೆಯನ್ನು ಮುಟ್ಟಿ ನೋಡಿದರು, ಬುರುಡೆಯನ್ನು ಬಡಿದು ನೋಡಿದರು.

“ಸ್ವಾಮಿ, ಇದರಲ್ಲಿ ಏನೂ ನಡೆದಿಲ್ಲ,” ಎಂದ ಗದ್ದಮಾಮ ಕೈಮುಗಿದು.

“ಅದು ಕಷ್ಟ,” ಎಂದರು ಅಧಿಕಾರಿ. “ಏನಾದರೂ ನಡೆದಿದ್ದರೆ ಸ್ಮಾರಕ ಮಾಡೋ ಕ್ರಮ ಉಂಟು. ಏನೂ ನಡೆದಿಲ್ಲ ಅನ್ನೋದಕ್ಕೆ ನಮ್ಮಲ್ಲಿ ಕ್ರಮವಿಲ್ಲ. ಅದೂ ಅಲ್ಲದೆ ಸಭಾಭವನ ಕಾಯ್ದಿರಿಸಿ ಆಗಿದೆ.”

ಸಮಾರಂಭ ನಿಗದಿಯಾಯಿತು. ವೇದಿಕೆಯ ಮೇಲೆ ಪರದೆ ಕಟ್ಟುವುದು, ಗದ್ದಮಾಮನಿಗೆ ಫಲಕ ಕೊಡುವುದು, ಲೋಕಕ್ಕೆ ಸತ್ಯವನ್ನು ಸಾರುವುದು. ಗದ್ದಮಾಮ ಮನೆಗೆ ಬಂದು ಗೋಡೆಗೆ ಮುಖ ಮಾಡಿ ಕೂತ.

ಹೆಂಡತಿ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಸಿಪ್ಪೆಯನ್ನು ಮೊರಕ್ಕೆ ಹಾಕುತ್ತ, “ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ಪರದೆ ಮೇಲ್ಗಡೆ ಸುತ್ತಿಟ್ಟಿದ್ದೀರಲ್ಲ, ಅದನ್ನ ಬಿಚ್ಚಿ,” ಎಂದಳು.

ಗದ್ದಮಾಮ ಬೆಚ್ಚಿಬಿದ್ದ. “ಆ ವಿಷಯ ಎತ್ತಬೇಡ.”

ಇಲ್ಲಿ ಒಂದು ರಹಸ್ಯವನ್ನು ಹೇಳದೆ ಗತ್ಯಂತರವಿಲ್ಲ. ಹಳೆಯ ಸ್ಟುಡಿಯೋಗಳಲ್ಲಿ ಒಂದು ಶಾಸ್ತ್ರವಿತ್ತು: ರಾತ್ರಿಯ ಪರದೆಯೆಂದರೆ ಮೇಲೆ ಬಲಮೂಲೆಯಲ್ಲಿ ಚಂದ್ರನಿರಲೇಬೇಕು. ಸರೋವರವಿರಲಿ, ಅರಮನೆಯಿರಲಿ, ಚಂದ್ರನಿಲ್ಲದ ಕಪ್ಪು ಆಕಾಶಕ್ಕೆ ಗಿರಾಕಿ ಒಪ್ಪುತ್ತಿರಲಿಲ್ಲ. ಚಂದ್ರಲೋಕವನ್ನು ಬರೆದು ಮುಗಿಸಿದ ಬೋರ್ಡಿನವನನ್ನು ಗದ್ದಮಾಮ ಅಭ್ಯಾಸಬಲದಿಂದ ಕೇಳಿದ್ದ: “ಎಲ್ಲಾ ಸರಿ, ಚಂದ್ರ ಎಲ್ಲಿ?” ಬೋರ್ಡಿನವನೂ ಅದೇ ಶಾಸ್ತ್ರದಲ್ಲಿ ಪಳಗಿದವನು, ಮರುಮಾತಿಲ್ಲದೆ ಬಲಮೂಲೆಯಲ್ಲಿ ಪೂರ್ಣಚಂದ್ರನನ್ನು ಬರೆದ. ಪೂರ್ವಕವಿಗಳು ಮೆಚ್ಚುವಂತೆ ಅದರೊಳಗೊಂದು ಮೊಲವನ್ನೂ ಕೂರಿಸಿದ. ಪರದೆ ಕಟ್ಟಿದ ದಿನವೇ ಮೇಷ್ಟ್ರು ಹೊರಗಿನ ಕೋಣೆಯಲ್ಲಿ ಚಹಾ ಕುಡಿಯುತ್ತ, ಚಂದ್ರನ ಮೇಲೆ ನಿಂತವನಿಗೆ ಆಕಾಶದಲ್ಲಿ ಏನು ಕಾಣುತ್ತದೆಂದು ವರ್ಣಿಸತೊಡಗಿದಾಗ, ಗದ್ದಮಾಮನ ಲೋಟ ಕೈಯಲ್ಲೇ ನಿಂತಿತು. ಅವರು ಮೆಟ್ಟಿಲಿಳಿದ ಮರುಕ್ಷಣವೇ ಪರದೆಯ ಮೇಲ್ಭಾಗವನ್ನು ಬಿದಿರಿಗೆ ಸುತ್ತಿ, ಹುರಿಯಿಂದ ಬಿಗಿದು ಗಂಟು ಹಾಕಿದ. ಕೇಳಿದವರಿಗೆಲ್ಲ, “ಮಹಡಿ ತಗ್ಗು,” ಎಂದ. ಗಂಟು ಹಾಕುವಾಗ ಬಿದಿರನ್ನು ಹಿಡಿದುಕೊಂಡವಳು ಹೆಂಡತಿ. ಬೋರ್ಡಿನವನೂ ಕಾಲವಾದ ಮೇಲೆ ಲೋಕದಲ್ಲಿ ಅದನ್ನು ಬಲ್ಲವರು ಅವರಿಬ್ಬರೇ.

“ಅದನ್ನ ಬಿಚ್ಚಿದ್ರೆ ನನ್ನ ಬಾಳೆಲ್ಲ ನಗೆಪಾಟಲು ಕಣೆ,” ಎಂದ ಗದ್ದಮಾಮ. “ಊರಿಗೆ ಊರೇ ಗೋಡೆ ಮೇಲೆ ನನ್ನ ಕೆಲಸ ಇಟ್ಕೊಂಡಿದೆ. ಚಂದ್ರನ ಮೇಲೆ ಚಂದ್ರ ಬರೆಸಿದವನು ಅಂತ ಹೆಸರಾಗಲ್ವಾ? ನಾನು ಸತ್ತ ಮೇಲೆ ಬೇಕಾದ್ರೆ ಬಿಚ್ಚು.”

“ನೀವು ಸತ್ತ ಮೇಲೋ, ಮೇಷ್ಟ್ರು ಸತ್ತ ಮೇಲೋ?” ಎಂದು ಅವಳು ಸಿಪ್ಪೆಯ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಗದ್ದಮಾಮ ಮೇಷ್ಟ್ರ ಮನೆಗೆ ಹೋದ. ಅವರು ವರಾಂಡದಲ್ಲಿ ಕೂತು ಚಪ್ಪಲಿಯ ಉಂಗುಷ್ಠವನ್ನು ತಾವೇ ಹೊಲಿದುಕೊಳ್ಳುತ್ತಿದ್ದರು. ಮಾರುಕಟ್ಟೆಯ ಕಡೆ ಹೋಗುವುದನ್ನು ಬಿಟ್ಟಿದ್ದರು. ಅಲ್ಲಿ ಅವರ ಹಳೆಯ ಶಿಷ್ಯನೊಬ್ಬ, ನಾಲ್ಕು ಜನರ ಮುಂದೆ, “ಏನ್ ಮೇಷ್ಟ್ರೇ, ಅಷ್ಟು ವರ್ಷ ಸುಳ್ಳು ಪಾಠ ಮಾಡಿದ್ರಲ್ಲ,” ಎಂದು ನಕ್ಕಿದ್ದ.

“ಮೇಷ್ಟ್ರೇ, ನೀವೂ ನಂಬಿದ್ರಾ?” ಎಂದ ಗದ್ದಮಾಮ.

“ಯಾವುದನ್ನ? ನಿನ್ನ ಬೂದಿ ಚಂದ್ರನ್ನಾ? ನನಗೆ ವಯಸ್ಸಾಗಿದೆ, ಬುದ್ಧಿ ಕೆಟ್ಟಿಲ್ಲ.”

“ಮತ್ತೆ ಚಹಾಕ್ಕೆ ಯಾಕೆ ಬರ್ಲಿಲ್ಲ?”

ಮೇಷ್ಟ್ರು ದಾರವನ್ನು ಹಲ್ಲಿನಿಂದ ಕಡಿದರು. “ಅವರು ಹೋಗಿದ್ದು ನನಗೆ ಗೊತ್ತು. ಅದನ್ನ ನೀನು ಹೇಳಬೇಕಾಗಿಲ್ಲ. ನನ್ನನ್ನ ಸುಳ್ಳ ಅನ್ನೋವಾಗ ನೀನು ಸುಮ್ನಿದ್ಯಲ್ಲ, ಅದು ಮಾತ್ರ ನನಗೆ ಗೊತ್ತಿರಲಿಲ್ಲ.”

“ನಾನು ಹೇಳ್ದೆ ಮೇಷ್ಟ್ರೇ. ಯಾರೂ ಕೇಳಲ್ಲ.”

“ಸನ್ಮಾನದ ಕುರ್ಚಿ ಮೇಲೆ ಕೂತ್ಕೊಂಡು ಹೇಳಿದ್ರೆ ಯಾರು ಕೇಳ್ತಾರಯ್ಯ?” ಎಂದು ಅವರು ಚಪ್ಪಲಿಯನ್ನು ಬಾಗಿಲ ಬಳಿ ಇಟ್ಟು ಒಳಗೆ ಹೋದರು. ಕೂರೆಂದು ಹೇಳಲಿಲ್ಲ.

ಸಮಾರಂಭದ ದಿನ ಸಭಾಭವನ ತುಂಬಿ ತುಳುಕಿತು. ಭಾವಮೈದುನ ಪರದೆ ಕಟ್ಟಿಸಿದ್ದ. ಭವನದ ಸೂರು ಎತ್ತರವಿರುವುದನ್ನು ಕಂಡು, “ಭಾವ, ಇಲ್ಲಿ ಜಾಗ ಬೇಕಾದಷ್ಟಿದೆ, ಮೇಲಿನ ಸುರುಳಿ ಬಿಚ್ಚಿಬಿಡ್ಲಾ?” ಎಂದು ಕೇಳಿದಾಗ ಗದ್ದಮಾಮ ಓಡಿಹೋಗಿ ಅಡ್ಡ ನಿಂತಿದ್ದ. “ಗಂಟು ಮುಟ್ಟಬೇಡ. ಹಳೇ ಬಟ್ಟೆ, ಹರಿದುಹೋಗತ್ತೆ.” ಮುಂದಿನ ಸಾಲಿನಲ್ಲಿ ಹೆಂಡತಿ, ಅವಳ ಪಕ್ಕದಲ್ಲಿ ಅಂಗಡಿಯಿಂದ ನೇರ ಬಂದ ಕ್ಷೌರಿಕ. ಕಟ್ಟಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ, ಮೇಷ್ಟ್ರು.

ಸಿಂಹಾಸನದಂಥ ಕುರ್ಚಿಯಲ್ಲಿ ಅವನನ್ನು ಕೂರಿಸಿ, ಕೈಗೆ ಮೈಕು ಕೊಟ್ಟರು. “ನಾನು ತೆಗೆದದ್ದು ನಿಮ್ಮ ಫೋಟೋಗಳನ್ನ,” ಎಂದ ಗದ್ದಮಾಮ. “ಅವರು ಹೋಗಿದ್ದು ನಿಜ. ನಾನು ಎಲ್ಲಿಗೂ ಹೋಗದೆ ಇದ್ದದ್ದೂ ನಿಜ.”

ಸಭೆ ಗದ್ಗದಿತವಾಯಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಅಧ್ಯಕ್ಷರು ಕರವಸ್ತ್ರವನ್ನು ಕಣ್ಣಿಗೊತ್ತಿಕೊಂಡು ಮೈಕು ತೆಗೆದುಕೊಂಡರು. “ನೋಡಿದ್ರಾ, ಈ ವಯಸ್ಸಲ್ಲೂ ಗುಟ್ಟು ಬಿಡಲಿಲ್ಲ. ನಿಷ್ಠೆ ಅಂದ್ರೆ ಇದು.” ಆಮೇಲೆ ಅವರ ದೃಷ್ಟಿ ಕೊನೆಯ ಸಾಲಿಗೆ ಹೋಯಿತು; ಮುಖದಲ್ಲಿ ಗೆದ್ದವರ ಔದಾರ್ಯ ಮೂಡಿತು. “ನಮ್ಮ ಮೇಷ್ಟ್ರೂ ಬಂದಿದ್ದಾರೆ. ಅವರ ಮೇಲೆ ಯಾರೂ ಸಿಟ್ಟು ಮಾಡ್ಕೋಬೇಡಿ. ಪಾಪ, ಮೋಸ ಹೋಗಿದ್ರು, ಅದನ್ನೇ ಮಕ್ಕಳಿಗೆ ಹೇಳಿದ್ರು. ಈ ಸಭೆ ಇವತ್ತು ಅವರನ್ನ ಕ್ಷಮಿಸಿಬಿಟ್ಟಿದೆ.”

ಅದಕ್ಕೂ ಚಪ್ಪಾಳೆ ಬಿತ್ತು. ಮೇಷ್ಟ್ರು ಎದ್ದರು. ಯಾರನ್ನೂ ನೋಡದೆ, ಹೊಲಿದ ಚಪ್ಪಲಿಯಲ್ಲಿ ಬಾಗಿಲ ಕಡೆಗೆ ತಿರುಗಿದರು.

ಗದ್ದಮಾಮ ಸಿಂಹಾಸನದ ಮೇಲೆ ಹತ್ತಿ ನಿಂತ.

“ಭಾವ, ಬೀಳ್ತೀರಿ,” ಎಂದ ಭಾವಮೈದುನ. ಗದ್ದಮಾಮ ಕೈ ಚಾಚಿ ಪರದೆಯ ಹುರಿಯ ಗಂಟನ್ನು ಹಿಡಿದೆಳೆದ. ದಶಕಗಳ ಆ ಗಂಟು, ಲೋಕದ ಇತರ ಗಂಟುಗಳಂತೆಯೇ, ಬಿಚ್ಚಬೇಕೆಂದಾಗ ಬಿಚ್ಚಲಿಲ್ಲ. ಉಗುರಿನಿಂದ ಕೆದಕಿದ, ಹಲ್ಲು ಹಾಕಿದ. ಸಭೆ ಇದೂ ಕಾರ್ಯಕ್ರಮದ ಭಾಗವೆಂದು ಭಾವಿಸಿ ಕಾಯುತ್ತಿತ್ತು. ಕಡೆಗೆ ಅವನು ಮುಂದಿನ ಸಾಲಿನ ಕಡೆ ತಿರುಗಿ, “ಏ, ನಿನ್ನ ಕತ್ತಿ ಕೊಡೋ. ಅವತ್ತು ಅದೇ ನನ್ನ ಬಾಯಿ ಕಟ್ಟಿದ್ದು,” ಎಂದ. ಕ್ಷೌರಿಕ ಜೇಬಿನಿಂದ ಮಡಿಸುವ ಕತ್ತಿಯನ್ನು ತೆಗೆದುಕೊಟ್ಟ.

ಹುರಿ ತುಂಡಾಯಿತು. ಬಿದಿರು ಗರಗರನೆ ತಿರುಗಿ, ಚಂದ್ರನ ನೆಲ, ಗುಂಡಿ, ಗುಡ್ಡಗಳೆಲ್ಲ ಸರ್ರನೆ ಕೆಳಗಿಳಿದು ವೇದಿಕೆಯ ಮೇಲೆ ಮಡಿಕೆಬಿದ್ದವು. ಅವುಗಳ ಮೇಲೆ, ಕಪ್ಪು ಆಕಾಶದ ಬಲಮೂಲೆಯಲ್ಲಿ, ಇಷ್ಟು ಕಾಲ ಬೆಳಕು ಕಾಣದೆ ಒಂದಿಷ್ಟೂ ಮಾಸದೆ, ಹಾಲು ಹಳದಿಯ ಪೂರ್ಣಚಂದ್ರ ಮೊಲದ ಸಮೇತ ಉದಯಿಸಿದ.

ಕ್ಷೌರಿಕನೇ ಮೊದಲು ಬಾಯಿಬಿಟ್ಟ. “ಮಾಮ, ಕೆಳಗಿರೋದು ಚಂದ್ರ ಆದ್ರೆ, ಮೇಲಿರೋದು ಯಾರು?”

“ಅದೂ ಅವನೇ ಕಣಪ್ಪ,” ಎಂದ ಗದ್ದಮಾಮ. “ಚಂದ್ರನ ಮೇಲೆ ನಿಂತವನಿಗೆ ಚಂದ್ರ ಕಾಣಲ್ಲ ಅನ್ನೋದೇ ಗೊತ್ತಿಲ್ಲದ ದಡ್ಡ ನಾನು. ಲೋಕಕ್ಕೆಲ್ಲ ಮೋಸ ಮಾಡೋಕೆ ಯಾರಾದ್ರೂ ನನ್ನ ಹತ್ರ ಬರ್ತಾರೇನ್ರಯ್ಯ? ಮೇಷ್ಟ್ರು ಹೇಳಿದ್ದು ನಿಜ. ಆ ಮೂವರು ಹೋಗಿದ್ರು.”

ಮೊದಲು ಸೌದೆ ಅಂಗಡಿಯವನು ನಕ್ಕ. ಆಮೇಲೆ ಅವನ ಸಾಲು, ಆಮೇಲೆ ಭವನವೆಲ್ಲ. ಕುರ್ಚಿಗಳು ಅಲುಗಾಡುವಷ್ಟು ನಕ್ಕರು. ಅಧ್ಯಕ್ಷರು, “ಇದು ಆಮೇಲೆ ಯಾರೋ ಬರೆದು ಸೇರಿಸಿದ್ದು, ಪಿತೂರಿ,” ಎಂದು ಕೂಗಿದರು. ಬಣ್ಣವನ್ನು ಹತ್ತಿರದಿಂದ ನೋಡಿದ ದರ್ಜಿಯ ಮಗ, “ಇದೂ ನಿಮ್ಮಪ್ಪನ ಅಂಗಡೀದೇ ಅಲ್ವಾ ಅಧ್ಯಕ್ಷರೇ, ನೋಡಿ ಹೇಗೆ ನಿಂತಿದೆ,” ಎಂದಾಗ ಅವರು ಹೌದೆನ್ನಬೇಕೋ ಅಲ್ಲವೆನ್ನಬೇಕೋ ತಿಳಿಯದೆ ಕೂತುಬಿಟ್ಟರು. ಅಧಿಕಾರಿ ಫಲಕವನ್ನು ಚೀಲಕ್ಕೆ ಹಾಕಿಕೊಳ್ಳುತ್ತ, “ಎರಡು ಚಂದ್ರ ಅಂದ್ರೆ ನಮ್ಮ ವಿಭಾಗಕ್ಕೆ ಬರೋದಿಲ್ಲ,” ಎಂದು ಹೊರಟರು.

ಗದ್ದಮಾಮ ತಲೆ ತಗ್ಗಿಸಿ ಕುರ್ಚಿಯಿಂದಿಳಿದ. ಇಳಿದು ನೋಡಿದರೆ ಮೇಷ್ಟ್ರು ವೇದಿಕೆಯ ಮೇಲಿದ್ದರು. ಅವರು ಕನ್ನಡಕವನ್ನು ಹಣೆಗೇರಿಸಿ, ಬಲಮೂಲೆಯ ಚಂದ್ರನನ್ನು ಬಹಳ ಹೊತ್ತು ಪರೀಕ್ಷಿಸಿದರು.

“ಅಲ್ಲಿ ಭೂಮಿ ಬರೆಸಬೇಕಿತ್ತು ಕಣಯ್ಯ.”

“ಗೊತ್ತಾಯ್ತು ಮೇಷ್ಟ್ರೇ. ಆವತ್ತೇ ಗೊತ್ತಾಯ್ತು.”

“ಬರೆಸಿದ್ರೆ ನಾವೆಲ್ಲ ಅದರೊಳಗೆ ಇರ್ತಿದ್ವಿ. ನೀನು, ನಾನು, ನಿನ್ನ ಈ ಅಧ್ಯಕ್ಷ, ಎಲ್ಲಾ.” ಅವರ ಕಂಠ ತುಂಬಿಬಂತು, ಹಿಂದೆ ಪಾಠ ಹೇಳುವಾಗ ಬರುತ್ತಿದ್ದಂತೆ. ಆಮೇಲೆ ಅವರು ಮಡಿಕೆಬಿದ್ದ ಚಂದ್ರನ ನೆಲವನ್ನು ಚಪ್ಪಲಿ ಕಳಚಿ ಮೆಟ್ಟಿ, ಆ ತಪ್ಪು ಚಂದ್ರನ ಕೆಳಗೆ ನೆಟ್ಟಗೆ ನಿಂತರು. “ಊರಲ್ಲಿ ಎಲ್ಲರದೂ ಇದೆ, ನನ್ನದೊಂದೇ ಇಲ್ಲ. ತೆಗಿ.”

“ಕ್ಯಾಮೆರಾ ತಂದಿಲ್ಲ ಮೇಷ್ಟ್ರೇ.”

“ನನ್ನ ಫೋನಿದೆ ಭಾವ,” ಎಂದ ಭಾವಮೈದುನ.

“ನೀವೂ ಹೋಗಿ ನಿಂತ್ಕೊಳ್ರೀ,” ಎಂದಳು ಕೆಳಗಿನಿಂದ ಹೆಂಡತಿ. “ಜೀವಮಾನವೆಲ್ಲ ಆಚೆ ಕಡೆ ನಿಂತಿದ್ದಾಯ್ತು.”

ಗದ್ದಮಾಮ ಹೋಗಿ ಮೇಷ್ಟ್ರ ಪಕ್ಕದಲ್ಲಿ ನಿಂತ. ಅವನ ಮುಖ ಇನ್ನೂ ನೆಲವನ್ನೇ ನೋಡುತ್ತಿತ್ತು. ಮೇಷ್ಟ್ರು ಎರಡು ಬೆರಳಿನಿಂದ ಅದನ್ನು ಮೆಲ್ಲಗೆ ಎತ್ತಿದರು.

“ಗದ್ದ ಸ್ವಲ್ಪ ಮೇಲೆ,” ಎಂದರು.

ಮರುದಿನದಿಂದ ಸ್ಟುಡಿಯೋದ ಮೆಟ್ಟಿಲ ಮೇಲೆ ಮತ್ತೆ ಜನ. ಎಲ್ಲರಿಗೂ ಎರಡು ಚಂದ್ರರ ಫೋಟೋವೇ ಬೇಕು. ಭಾವಮೈದುನ ಸ್ಟೂಲು ಬಿಟ್ಟೇಳಲಿಲ್ಲ. ಮೇಷ್ಟ್ರು ಚಹಾ ಕುಡಿಯುತ್ತ ಕೂತು, ಪೋಷಾಕು ತೊಟ್ಟು ಉಸಿರು ಬಿಗಿಹಿಡಿದವರೆಲ್ಲರಿಗೂ, ಮೇಲಿರುವುದು ಯಾಕೆ ತಪ್ಪೆಂಬುದನ್ನು ಮೊದಲಿನಿಂದ ವಿವರಿಸುತ್ತಿದ್ದರು. ಉತ್ತರಿಸಲು ಅವರಿಗೆ ಉಸಿರಿಲ್ಲದಿದ್ದುದರಿಂದ, ಇಂಥ ಶ್ರದ್ಧೆಯ ಶಿಷ್ಯರು ಮೇಷ್ಟ್ರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ತಲೆಯ ಮೇಲೆ ಚಂದ್ರನನ್ನು ಧರಿಸಿದ ಆ ದೇವರು, ತಪ್ಪು ಚಂದ್ರನ ಕೆಳಗೆ ನಿಂತವರನ್ನೂ ಕಾಯಲಿ. ಗಂಟು ಹಾಕಿದವರಿಗೆ ಅದನ್ನು ಕತ್ತರಿಸುವ ಧೈರ್ಯವನ್ನೂ, ನಕ್ಕವರಿಗೆ ಪಕ್ಕದಲ್ಲಿ ಬಂದು ನಿಲ್ಲುವ ಮನಸ್ಸನ್ನೂ ಕೊಡಲಿ. ದೂರ ಹೋದವರೆಲ್ಲ ಕ್ಷೇಮವಾಗಿ ಹಿಂದಿರುಗಲಿ. ಇದನ್ನು ಓದಿದವರ, ಓದಿಸಿ ಕೇಳಿದವರ ಮನೆಗಳಲ್ಲಿ ಬೋರಲಾದ ಲೋಟಗಳೆಲ್ಲ ಮತ್ತೆ ತುಂಬಲಿ.